ಮಾವನ ಪಾಸ್‌ಪೋರ್ಟಿಲ್ಲದ ದುಬೈ

ನಮ್ಮ ಮಾವ ದಿನಾ ಬೆಳಿಗ್ಗೆ ದುಬೈಗೆ ಹೋಗಿ, ಸಂಜೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಮೂಡುಬಿದಿರೆಗೆ ವಾಪಸು ಬರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ಮೊದಲು ನಂಬಿರಲಿಲ್ಲ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ವಿಮಾನವನ್ನು ಅವರು ಕಂಡದ್ದು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದಾಗ ಮಾತ್ರ. ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಗಿ ಬಂದರೇ ಸೊಂಟ ಹಿಡಿಯಿತು ಎಂದು ಮಲಗುವ ಆಸಾಮಿ! ಆದರೂ ಹಗಲು ಹೊತ್ತು ಯಾರಾದರೂ ಅವರನ್ನು ಹುಡುಕಿಕೊಂಡು ಬಂದರೆ ಅತ್ತೆ ಕಿಂಚಿತ್ತೂ ನಗದೆ ಹೇಳುತ್ತಿದ್ದರು: "ಅವರು ದುಬೈಯಲ್ಲಿದ್ದಾರೆ. ಸಂಜೆ ಬನ್ನಿ."

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಾನು ಸಿದ್ಧಕಟ್ಟೆಯವಳು. ಮೂಡುಬಿದಿರೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ಮೇಲೆ ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಪೇಟೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಮಾವ ಗುಮಾಸ್ತಗಿರಿಯಿಂದ ನಿವೃತ್ತರಾಗಿ, ಮಾಡಲು ಕೆಲಸವಿಲ್ಲದೆ, ಅತ್ತೆಯ ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸುವ ಮಟ್ಟಕ್ಕೆ ಬಂದಿದ್ದರು. ಆಗ ಅತ್ತೆಯನ್ನು ಕಾಪಾಡಿದವರು ತೋಡಾರಿನ ಸಾಹುಕಾರರು. ಅವರು ಮಾವನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಬ್ಯಾರಿ ಮುಸ್ಲಿಂ ಗೆಳೆಯ. ದುಬೈಯಲ್ಲಿ ಟೈಲ್ಸ್ ಅಂಗಡಿ ಇಟ್ಟು ಮೇಲೆ ಬಂದವರು. "ನನ್ನ ಅಂಗಡಿಯ ದಾಸ್ತಾನು ನೀನು ನೋಡಿಕೋ ಮಾರಾಯ, ಮನೆಯಲ್ಲೇ ಕೂತು ಮಾಡುವ ವ್ಯವಸ್ಥೆ ಉಂಟು" ಎಂದು, ರಜೆಯಲ್ಲಿ ಊರಿಗೆ ಬಂದಿದ್ದ ತಮ್ಮ ಅಂಗಡಿಯ ಕಂಪ್ಯೂಟರ್ ಇಂಜಿನಿಯರನ್ನು ಕಳಿಸಿದರು.

ಇಂಜಿನಿಯರು ಮಾವನ ಕಂಪ್ಯೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆದು, ಪಾಸ್‌ವರ್ಡ್ ಒತ್ತಿದ. ಪರದೆ ಒಮ್ಮೆ ಕಪ್ಪಾಗಿ, ಬೇರೆಯೇ ಒಂದು ಪರದೆ ತೆರೆದುಕೊಂಡಿತು.

"ಇದು ದುಬೈಯ ಕಂಪ್ಯೂಟರ್ ಸರ್. ಇಲ್ಲಿ ನೀವು ಒತ್ತಿದ್ದು ಅಲ್ಲಿ ಆಗ್ತದೆ."

"ಆ ಕಂಪ್ಯೂಟರ್ ಅಲ್ಲಿ ಯಾರ ಮೇಜಿನ ಮೇಲುಂಟು?"

ಇಂಜಿನಿಯರು ತಲೆ ಕೆರೆದುಕೊಂಡ. "ಮೇಜಿನ ಮೇಲೆ ಇಲ್ಲ ಸರ್. ಇದು ವರ್ಚುವಲ್ ಮಶಿನ್. ಅಲ್ಲೊಂದು ದೊಡ್ಡ ಕಂಪ್ಯೂಟರ್ ಉಂಟು, ಅದರ ಒಳಗೆ ಇಂಥ ನಾಲ್ಕೈದು ಕಂಪ್ಯೂಟರ್ ಉಂಟು. ಮುಟ್ಟಲಿಕ್ಕೆ ಹೋದರೆ ಇಲ್ಲ. ಕೆಲಸಕ್ಕೆ ಉಂಟು."

ನನಗೆ ತಲೆಬುಡ ಅರ್ಥವಾಗಲಿಲ್ಲ. ಮಾವ ಮಾತ್ರ ಖುಷಿಯಿಂದ ತೊಡೆ ತಟ್ಟಿದರು! "ಒಂದು ರೀತಿಯಲ್ಲಿ ಉಂಟು, ಒಂದು ರೀತಿಯಲ್ಲಿ ಇಲ್ಲ, ಇನ್ನೊಂದು ರೀತಿಯಲ್ಲಿ ಉಂಟೂ ಹೌದು, ಇಲ್ಲವೂ ಹೌದು. ಸ್ಯಾದ್ವಾದ ಅಲ್ವಾ ಇದು? ನಮ್ಮ ಜೈನರಿಗೆ ಇದನ್ನು ದುಬೈಯವರು ಬಂದು ಕಲಿಸಬೇಕಾ?" ಇಂಜಿನಿಯರು ಇಡೀ ಮಧ್ಯಾಹ್ನ ವಿವರಿಸುವ ತಯಾರಿಯಲ್ಲಿ ಬಂದಿದ್ದ ಪಾಪ, ಚಹಾ ಕುಡಿದು ಎದ್ದು ಹೋದ. (ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಾನು ಕನ್ನಡಕ್ಕೆ ತರುವಾಗ ಮಾವನ ಗತ್ತು ಅರ್ಧ ಸೋರಿಹೋಗಿದೆ, ಕ್ಷಮಿಸಿ.)

ಮರುದಿನದಿಂದ ಶುರುವಾಯಿತು ನೋಡಿ ದುಬೈ ಯಾತ್ರೆ. ಸ್ನಾನ, ಬಸದಿ, ತಿಂಡಿ ಮುಗಿಸಿ ಮಾವ ಇಸ್ತ್ರಿ ಹಾಕಿದ ಪ್ಯಾಂಟು ಶರ್ಟು ತೊಟ್ಟರು. ಕಾಲಿಗೆ ಶೂ! ಅತ್ತೆಗೆ "ಹೋಗಿ ಬರ್ತೇನೆ" ಎಂದು ಹೇಳಿ, ಪಡಸಾಲೆಯಿಂದ ಒಳಕೋಣೆಗೆ ಹೋದರು.

"ಮನೆಯೊಳಗೆ ಎಂತಕ್ಕೆ ಮಾವ ಶೂ?" ಎಂದೆ.

"ಪರವೂರಿಗೆ ಬರಿಗಾಲಿನಲ್ಲಿ ಹೋಗ್ಲಿಕ್ಕಾಗ್ತದಾ ಮಾರಾಯ್ತಿ?"

ದುಬೈಯಲ್ಲಿರುವಾಗ ಅವರು ಮೂಡುಬಿದಿರೆಯ ಯಾವ ಮಾತಿಗೂ ಓಗೊಡುತ್ತಿರಲಿಲ್ಲ. ಗ್ಯಾಸ್ ಮುಗಿಯಲಿ, ನಲ್ಲಿ ಒಡೆಯಲಿ, ಅವರು ಊರಲ್ಲಿಲ್ಲ! ಅತ್ತೆಗೆ ಅಗತ್ಯದ ಮಾತಿದ್ದರೆ ಪಡಸಾಲೆಯಿಂದ ಮೊಬೈಲಿಗೆ ಫೋನು ಮಾಡಬೇಕು. ಮಾವ ಕಂಪ್ಯೂಟರಿನ ದುಬೈ ಕಿಟಕಿಯನ್ನು ಪರದೆಯ ಕೆಳಗೆ ಇಳಿಸಿ, ಶೂ ಬಿಚ್ಚಿ, ಊರಿಗೆ ಬಂದು ಮಾತಾಡಿ, ಮತ್ತೆ ಶೂ ಹಾಕಿ ಹೋಗುತ್ತಿದ್ದರು. ಒಮ್ಮೆ ಕರೆಂಟು ಹೋದಾಗ ಒಳಕೋಣೆಯಿಂದ ಕೂಗು ಕೇಳಿತು: "ಅಯ್ಯೋ, ನಾನು ಮಧ್ಯದಲ್ಲಿ ಸಿಕ್ಕಿಬಿದ್ದೆ!" ನಗಬೇಡಿ. ಆ ಅಂಗಡಿಯ ಸಾವಿರಾರು ಟೈಲ್ಸಿನಲ್ಲಿ ಒಂದು ಒಡೆದರೂ ಯಾವ ಗೋದಾಮಿನ ಯಾವ ಮೂಲೆಯದ್ದು ಎಂದು ಹೇಳಬಲ್ಲವರಾಗಿದ್ದರು ಅವರು. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಒಂದೇ ತಾಪತ್ರಯ. ಆ ಯಂತ್ರದಲ್ಲಿ ಏಕಕಾಲಕ್ಕೆ ಒಬ್ಬರಿಗೆ ಮಾತ್ರ ಜಾಗ. ಸಾಹುಕಾರರು ಅಲ್ಲಿಂದ ಒಳಗೆ ಬಂದರೆ ಮಾವ ಹೊರಗೆ, ಮಾವ ಹೋದರೆ ಸಾಹುಕಾರರು ಹೊರಗೆ. ಹೊರಬಿದ್ದವರು ಆ ಕ್ಷಣ ಫೋನು ತೆಗೆದು ಬೈಯುವುದು ವಾಡಿಕೆ.

"ನನ್ನ ಅಂಗಡಿಯಿಂದ ನನ್ನನ್ನೇ ದೂಡ್ತೀಯಲ್ಲ, ನಿನಗೆ ಮರ್ಯಾದೆ ಉಂಟಾ?"

"ಶಾಲೆಯಲ್ಲಿ ನನ್ನನ್ನು ಬೆಂಚಿನಿಂದ ದೂಡಿದ್ದು ಯಾರು ಮಾರಾಯ?"

ಇಷ್ಟೆಲ್ಲ ಇದ್ದರೂ ಮಾವ ಒಂದು ವಿಷಯದಲ್ಲಿ ಮಾತ್ರ ತಮಾಷೆ ಸಹಿಸುವವರಲ್ಲ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಚಿಕ್ಕಂದಿನಲ್ಲಿ ತಾಯಿಗೆ ಕೊಟ್ಟ ಮಾತು. ಮದುವೆಮನೆಯಿರಲಿ, ಜ್ವರವಿರಲಿ, ಆ ವ್ರತ ಒಮ್ಮೆಯೂ ತಪ್ಪಿದ್ದಿಲ್ಲ.

ತಪ್ಪಿಸಿದ್ದು ದುಬೈ! ಒಂದು ಮಳೆಯ ದಿನ ಅತ್ತೆ ನಾರಾವಿಯ ತವರಿಗೆ ಹೋಗಿದ್ದರು, ಮೀಟಿಂಗ್ ಇದ್ದು ನಾನು ಶಾಲೆಯಿಂದ ಬಂದಿರಲಿಲ್ಲ. ಊಟಕ್ಕೆ ಕರೆಯುವವರು ಯಾರೂ ಇಲ್ಲ. ಒಳಕೋಣೆಯಲ್ಲಿ ಮಾವನ ಎದುರು ಪರದೆ ತುಂಬ ದುಬೈ, ಮೂಲೆಯಲ್ಲಿ ದುಬೈಯ ಗಡಿಯಾರ. ನಮ್ಮದಕ್ಕಿಂತ ಅದು ಒಂದೂವರೆ ಗಂಟೆ ಹಿಂದೆ. ದಿನಾ ಲೆಕ್ಕ ಹಾಕಿಕೊಳ್ಳುತ್ತಿದ್ದ ಮಾವ ಅಂದು ಕೆಲಸದ ಗಡಿಬಿಡಿಯಲ್ಲಿ ಮರೆತರು. "ಇನ್ನೂ ಐದು ಕೂಡ ಆಗಲಿಲ್ಲ" ಎಂದು ನಿಧಾನವಾಗಿ ಎದ್ದು, ಕೈಕಾಲು ತೊಳೆದು, ಅನ್ನ, ತೊಂಡೆಕಾಯಿ ಪಲ್ಯ ಬಡಿಸಿಕೊಂಡು ಕೂತರು. ತುತ್ತು ಬಾಯಿಗಿಟ್ಟಿದ್ದಷ್ಟೆ, ಹತ್ತಿರದ ಮಸೀದಿಯಿಂದ ಸಂಜೆಯ ಬಾಂಗು! ಹೊತ್ತು ಮುಳುಗಿಯೇ ಬಿಟ್ಟಿದೆ! ನುಂಗುವುದಾ, ಉಗುಳುವುದಾ? ತೀರ್ಮಾನಿಸುವ ಮೊದಲೇ ಗಾಬರಿಗೆ ತುತ್ತು ತಾನಾಗಿ ಒಳಗಿಳಿಯಿತು. ನಾನು ಮನೆಗೆ ಬಂದಾಗ ಮಾವ ಬಟ್ಟಲಿನ ಎದುರು ಎಂಜಲು ಒಣಗಿದ ಕೈಯಲ್ಲಿ ಕೂತಿದ್ದರು. "ಅಮ್ಮನಿಗೆ ಕೊಟ್ಟ ಮಾತು ಹೋಯಿತು" ಎಂದರು. ಮರುದಿನವಿಡೀ ಉಪವಾಸ. ಶೂವನ್ನು ತೊಳೆದು ಅಟ್ಟಕ್ಕೆ ಹಾಕಿದರು. ಇನ್ನು ದುಬೈಗೆ ಹೋಗುವುದಿಲ್ಲವಂತೆ.

ಅದು ರಂಜಾನ್ ತಿಂಗಳು. ಸುದ್ದಿ ತಿಳಿದ ಸಾಹುಕಾರರು, ಸ್ವತಃ ಉಪವಾಸದಲ್ಲಿದ್ದವರು, ಫೋನಿನಲ್ಲಿ ಹಲುಬಿದರು. "ನನ್ನ ಗಡಿಯಾರದಿಂದ ನಿನ್ನ ವ್ರತ ಕೆಟ್ಟಿತಲ್ಲ ಮಾರಾಯ! ಇವತ್ತೇ ಅದಕ್ಕೆ ಊರಿನ ಗಂಟೆ ಇಡಿಸ್ತೇನೆ, ನೀನು ಬಾ." ಇಡಿಸಿದರು. ಮಾವ ಅಟ್ಟದಿಂದ ಶೂ ಇಳಿಸಿದರು. ಎರಡೇ ದಿನ. ಮೂರನೆಯ ಸಂಜೆ, ಅಂಗಡಿಯ ಕಿಟಕಿಯಿಲ್ಲದ ಹಿಂಕೋಣೆಯಲ್ಲಿ ಅದೇ ಯಂತ್ರಕ್ಕೆ ಬಂದ ಸಾಹುಕಾರರು ಮೂಲೆಯಲ್ಲಿ ಆರೂವರೆ ಕಂಡು, "ಅಯ್ಯೋ, ಹೊತ್ತು ಮೀರಿತು" ಎಂದು ಖರ್ಜೂರ ಬಾಯಿಯ ಹತ್ತಿರ ತಂದರಂತೆ. ಹೊರಗೆ ದುಬೈಯ ಸೂರ್ಯ ಇನ್ನೂ ಮಾರುದ್ದ ಮೇಲೆ! ಅಂಗಡಿಯವನೊಬ್ಬ ಓಡಿ ಬಂದು ಕೈ ಹಿಡಿಯದಿದ್ದರೆ ಅವರ ವ್ರತವೂ ಕೆಡುತ್ತಿತ್ತು.

"ನಿನ್ನ ಸೂರ್ಯ ನನಗಾಗುವುದಿಲ್ಲ, ನನ್ನದು ನಿನಗಾಗುವುದಿಲ್ಲ" ಎಂದು ಗಡಿಯಾರವನ್ನು ಮತ್ತೆ ದುಬೈಗೆ ತಿರುಗಿಸಿದ ಸಾಹುಕಾರರು ಬೇರೆ ದಾರಿ ಹುಡುಕಿದರು. ಮೂಡುಬಿದಿರೆಯಲ್ಲಿ ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮೊದಲು ಮಾವನ ಮೊಬೈಲಿಗೆ ದುಬೈಯಿಂದ ಒಂದು ಮಿಸ್ಡ್ ಕಾಲ್. ಎರಡು ರಿಂಗು, ಕಟ್. ಏಳು, ಊಟ ಮಾಡು ಎಂದು ಅರ್ಥ. ತಾನು ಹನಿ ನೀರು ಕುಡಿಯದೆ ಕೂತು, ಇನ್ನೊಬ್ಬನನ್ನು ಉಣ್ಣಲು ಎಬ್ಬಿಸುವುದು! ಹಬ್ಬ ಕಳೆದರೂ ಅದು ನಿಲ್ಲಲಿಲ್ಲ. ಮನೆಯಲ್ಲಿ ಮೂರು ಗಡಿಯಾರವಿದ್ದರೂ ಮಾವ ಅದು ಬಾರದೆ ಬಟ್ಟಲಿಗೆ ಕೈ ಹಾಕುತ್ತಿರಲಿಲ್ಲ.

ಒಂದು ಸಂಜೆ ಬರಲಿಲ್ಲ. ಅತ್ತೆ ಬಡಿಸಿದರು, ಮಾವ ಮೊಬೈಲು ನೋಡುತ್ತ ಕೂತರು.

"ಬೆಳಕು ಹೋಗ್ತಾ ಉಂಟು, ಊಟ ಮಾಡಿ" ಎಂದರು ಅತ್ತೆ.

"ಅವ ಹೇಳಲಿಲ್ಲವಲ್ಲ."

ಮಾವ ಫೋನು ಮಾಡಿದರು, ಯಾರೂ ಎತ್ತಲಿಲ್ಲ. ಎದ್ದು ಒಳಕೋಣೆಗೆ ಹೋದರು. ಶೂ ಹಾಕಲಿಲ್ಲ, ಅದೇ ಮೊದಲು. ಪಾಸ್‌ವರ್ಡ್ ಒತ್ತಿ ದುಬೈಗೆ ನುಗ್ಗಿದರು. ಸಾಹುಕಾರರು ಅಲ್ಲಿದ್ದರೆ ಹೊರಗೆ ಬಿದ್ದು ಬೈಯಲಿ, ಅವರ ಸ್ವರವೊಂದು ಕೇಳಲಿ ಎಂದು. ಯಾರೂ ಬೈಯಲಿಲ್ಲ. ಮಾವ ಹೊರಬಂದು ಮತ್ತೆ ನುಗ್ಗಿದರು. ಮೊಬೈಲು ಮೌನವಾಗಿತ್ತು. ಅಷ್ಟರಲ್ಲಿ ಬಾಂಗು ಕೇಳಿತು, ಅತ್ತೆ ಬಟ್ಟಲನ್ನು ಮುಚ್ಚಿಟ್ಟರು. ಮಾವ ಹಸಿದೇ ಮಲಗಿದರು.

ಬೆಳಿಗ್ಗೆ ದುಬೈಯ ಆಸ್ಪತ್ರೆಯಿಂದ ಫೋನು ಬಂತು. ಸಾಹುಕಾರರಿಗೆ ಎದೆನೋವು ಬಂದು ಸೇರಿಸಿದ್ದರಂತೆ, ಈಗ ಪರವಾಗಿಲ್ಲವಂತೆ. ಮಾವ ಸ್ಪೀಕರ್ ಒತ್ತಿದರು. ಆ ಕಡೆಯಿಂದ ಬಂದ ಸ್ವರ ನೂಲಿನಷ್ಟು ತೆಳ್ಳಗಿತ್ತು.

"ನಿನ್ನೆ ಮಿಸ್ಡ್ ಕಾಲ್ ಕೊಡ್ಲಿಕ್ಕಾಗ್ಲಿಲ್ಲ ಮಾರಾಯ. ಊಟ ಮಾಡಿದ್ಯಾ?"

ಸುಳ್ಳು ಎಂಬುದು ಮಾವನ ಬಾಯಿಂದ ತಮಾಷೆಗೂ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ಕಣ್ಣಿಂದ ಮಾತ್ರ ಧಾರಾಕಾರ ನೀರು ಇಳಿಯುತ್ತಿತ್ತು.

"ಮಾಡಿದೆ ಮಾರಾಯ" ಎಂದರು ಮಾವ. "ಬೆಳಕಿರುವಾಗಲೇ ಮಾಡಿದೆ."