ಯಜಮಾನಿ ಗೆದ್ದ ರಜಾ

ನಾಲ್ಕು ಜನ ಸೇರಿ ಮನಸ್ಸು ಹಗುರ ಮಾಡಿಕೊಳ್ಳಲು ಹೊರಟ ಕಡೆ ಯಾರಾದರೊಬ್ಬರ ಮನಸ್ಸು ಭಾರವಾಗದೆ ಇರುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಜಯನಗರದ ನಮ್ಮ ಮಹಿಳಾ ಸಂಘಕ್ಕೆ ಪ್ರತಿ ಶನಿವಾರ ಒಬ್ಬ ಮೇಡಂ ಬರುತ್ತಿದ್ದರು. ಚಿತ್ರ, ನಾಟಕಗಳಿಂದ ಮನಸ್ಸಿನ ಗಾಯ ಮಾಯಿಸುವುದು ಅವರು ಕಲಿತ ವಿದ್ಯೆ. ಮನೆಯ ಯಜಮಾನಿಯರೂ ಮನೆಗೆಲಸದವರೂ ಒಟ್ಟಿಗೆ ಬರಬೇಕೆಂಬುದು ಅವರ ಷರತ್ತು.

೧. ನೆಲ

"ಇಲ್ಲಿ ಮೇಲು ಕೀಳು ಇಲ್ಲ. ಎಲ್ಲರೂ ನೆಲದ ಮೇಲೆ ಕೂತ್ಕೊಳ್ಳಿ" ಎಂದರು ಮೇಡಂ. ಕುರ್ಚಿಗಳನ್ನು ಹೊರಗಿಟ್ಟು ಎರಡು ಗಂಟೆ ಸಮಾನತೆ ಅನುಭವಿಸಿದೆವು. ಏಳುವಾಗ ಸಂಘದ ಅಧ್ಯಕ್ಷೆಯ ಮಂಡಿ ಹಿಡಿದುಕೊಂಡಿತು. ಅವರ ಮನೆಯಲ್ಲೇ ಪಾತ್ರೆ ತಿಕ್ಕುವ, ಸುದ್ದಗುಂಟೆಪಾಳ್ಯದ ಅಕ್ಕ ಒಂದು ರೆಟ್ಟೆ, ಮೇಡಂ ಇನ್ನೊಂದು ರೆಟ್ಟೆ ಹಿಡಿದು ಎತ್ತಿದರು.

"ನೋಡಿ, ಒಬ್ಬರನ್ನೊಬ್ಬರು ಮೇಲೆತ್ತೋದು ಅಂದ್ರೆ ಇದೇ" ಎಂದರು ಮೇಡಂ.

ಅಕ್ಕ ಏದುಸಿರು ಬಿಡುತ್ತ, "ಮುಂದಿನ ವಾರ ಅಮ್ಮನಿಗೆ ಕುರ್ಚಿ ಹಾಕ್ಬಿಡಿ ಮೇಡಂ. ಸಮಾನತೆ ಬಲೇ ಭಾರ" ಎಂದಳು.

೨. ಬಣ್ಣ

ಮನಸ್ಸಿನ ನೋವನ್ನು ಬಿಡಿಸಿ ಎಂದರೆ ಎಲ್ಲರೂ ಒಂದೇ ಎಂಟು ದಳದ ರಂಗೋಲಿ ಬಿಡಿಸಿದರು. "ಇಷ್ಟು ಜನರೊಳಗೆ ಒಂದೇ ನೋವು!" ಎಂದು ಮೇಡಂ ಕಣ್ಣೊರೆಸಿಕೊಂಡರು.

"ನೋವೂ ಇಲ್ಲ, ಗೀವೂ ಇಲ್ಲ. ಎಲ್ಲ ನನ್ನದು ನೋಡ್ಕೊಂಡು ಬರೆದಿದ್ದು" ಎಂದರು ಅಧ್ಯಕ್ಷೆ.

ಅಕ್ಕ ಮಾತ್ರ ಚಾಪೆಯ ಮೇಲೆ ಮಲಗಿದ ಹೆಂಗಸನ್ನು ಬರೆದಿದ್ದಳು.

"ಯಾರಿದು?"

"ನಾನೇ. ಭಾನುವಾರ ಮಲಗಿದ್ದೀನಿ."

"ಇದರಲ್ಲಿ ನೋವೆಲ್ಲಿದೆ?"

"ಇದು ಇನ್ನೂ ನಡೆದಿಲ್ಲ ಮೇಡಂ."

ವಾರಕ್ಕೊಂದು ರಜಾ ಕೊಡಿ ಎಂದು ಅಕ್ಕ ವರ್ಷದಿಂದ ಕೇಳುತ್ತಿದ್ದಳು. ಅಧ್ಯಕ್ಷೆಯ ನೆಂಟರಿಗೂ ಭಾನುವಾರವೇ ಬಿಡುವು.

೩. ನಾಟಕ

ಪಾತ್ರ ಬದಲಿಸಿ ಆಡಬೇಕಿತ್ತು. ಅಕ್ಕ ಯಜಮಾನಿಯಾದಳು, ಅಧ್ಯಕ್ಷೆ ಕೆಲಸದವಳಾಗಿ ಭಾನುವಾರದ ರಜಾ ಕೇಳಿದರು.

ಅಕ್ಕ ಸೆರಗು ಕೊಡವಿದಳು. "ಭಾನುವಾರಾನಾ? ಅವತ್ತೇ ನಮ್ಮೋರು ಬರ್ತಾರಲ್ಲೇ! ಬೇಕಾದ್ರೆ ಹಳೇ ಸೀರೆ ಕೊಡ್ತೀನಿ, ತಗೊಂಡೋಗು."

ನಾವೆಲ್ಲ ನಕ್ಕೆವು. ಅಧ್ಯಕ್ಷೆ ನಗಲಿಲ್ಲ. ಅವರು ಯಾವ ವಾದದಲ್ಲೂ ಸೋತವರಲ್ಲ. "ನಿಮ್ಮ ಸೀರೆ ಯಾರಿಗೆ ಬೇಕು? ನಾನೇನು ಮನುಷ್ಯಳಲ್ವಾ? ನನಗೂ ಸೊಂಟ ಇಲ್ವಾ?" ಎಂದು ಕೂಗಾಡಿದರು. ಅಕ್ಕ ಜಗ್ಗಲಿಲ್ಲ. "ಹಾಗಾದ್ರೆ ನಾಳೆಯಿಂದ ಬರೋದೇ ಇಲ್ಲ, ನೀವೇ ತಿಕ್ಕೊಳ್ಳಿ!" ಎಂದರು ಅಧ್ಯಕ್ಷೆ.

"ಸರಿ ಕಣಮ್ಮ. ನಾಳೆಯಿಂದ ಪ್ರತಿ ಭಾನುವಾರ ರಜಾ" ಎಂದಳು ಅಕ್ಕ.

ಚಪ್ಪಾಳೆ. ಅಧ್ಯಕ್ಷೆ ಗೆದ್ದ ಖುಷಿಯಲ್ಲಿ ಎಲ್ಲರಿಗೂ ಕಾಫಿ ತರಿಸಿದರು.

ಭಾನುವಾರ ಅಕ್ಕ ಬರಲಿಲ್ಲ. ನೆಂಟರು ಬಂದರು. ಸೋಮವಾರ ಅಧ್ಯಕ್ಷೆ ಬಾಗಿಲಲ್ಲೇ ಹಿಡಿದರು. "ಅದು ನಾಟಕ ಕಣೇ!"

"ಅಷ್ಟು ಜನರ ಎದುರಿಗೆ ಗೆದ್ದಿದ್ದು ನೀವಮ್ಮ, ಸೋತಿದ್ದು ನಾನು. ಸೋತೋಳು ಕೊಟ್ಟ ಮಾತು ತಪ್ಪಬಾರದು" ಎಂದಳು ಅಕ್ಕ.

ಗೆದ್ದದ್ದನ್ನು ಬಿಟ್ಟುಕೊಡುವ ಅಭ್ಯಾಸ ಅಧ್ಯಕ್ಷೆಗೆ ಇರಲಿಲ್ಲ. ರಜಾ ಉಳಿಯಿತು.

ಕೆಲವು ವಾರಗಳ ಮೇಲೆ ಅವರ ಯಜಮಾನರು ಸಂಘದ ಬಾಗಿಲಿಗೆ ಬಂದರು. "ಮೇಡಂ, ನನಗೂ ಒಂದು ಪಾರ್ಟು ಕೊಡಿ."

"ಯಾವುದು ಬೇಕು ಸಾರ್?"

"ಯಾವುದಾದ್ರೂ ಸರಿ. ಪಾತ್ರೆ ತಿಕ್ಕೋದು ಮಾತ್ರ ಬೇಡ. ಆ ಪಾರ್ಟು ಮನೇಲೇ ಸಿಕ್ಕಿದೆ."