ಬೇವಿನ ಮರಕ್ಕೆ ಬಂದ ಬೇನೆ

ಬೇವಿನ ಮರಗಳ ತುದಿ ಒಣಗುವ ರೋಗ ನಮ್ಮ ಕಡೆ ಹಬ್ಬಿದಾಗ ಅದನ್ನು ಹತೋಟಿಗೆ ತರುವ ಕೆಲಸ ನಮ್ಮ ಕಚೇರಿಗೆ ಬಿತ್ತು. ಕಚೇರಿ ಅಂದರೆ ನಾನು, ನನ್ನ ಸಾಹೇಬರು, ಒಂದು ಹಳೇ ಜೀಪು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ತಿರುಗಿದ್ದೇ ತಿರುಗಿದ್ದು. ಮರಕ್ಕೆ ಔಷಧಿ ಹೊಡೆಯಲು ಹೋದವರು ಹೊಡೆದು ಬಂದರೆ ಮುಗೀತು ಅಂದುಕೊಂಡಿದ್ದೆ. ಆದರೆ ಪ್ರತಿ ಮರದ ಕೆಳಗೂ ಒಬ್ಬ ಮನುಷ್ಯ ಕೂತಿರುತ್ತಾನೆ ಅನ್ನುವುದು ನನ್ನ ಲೆಕ್ಕದಲ್ಲಿರಲಿಲ್ಲ.

ಕೆಂಪು ಬಣ್ಣ

ಒಣಗಿ ರಸ್ತೆಗೆ ಬೀಳುವಂತಿದ್ದ ಮರಗಳನ್ನು ಕಡಿಯಬೇಕು, ಅದಕ್ಕೆ ಮೊದಲು ಬೊಡ್ಡೆಗೆ ಕೆಂಪು ಬಣ್ಣ ಹಚ್ಚಬೇಕು ಅಂತ ಆದೇಶ ಬಂದಿತ್ತು. ದುಂಡಸಿಯ ದಾರಿಯಲ್ಲಿ ಒಂದು ದೊಡ್ಡ ಬೇವು. ಅದರ ಕೆಳಗೆ ಒಬ್ಬ ವಯಸ್ಸಾದ ಅವ್ವನ ಮಿರ್ಚಿ-ಮಂಡಕ್ಕಿ ಅಂಗಡಿ. ಆಕೆಗೆ ಇದ್ದ ನೆರಳು ಅದೊಂದೇ. ನಾನು ಸಂಜೆ ಬಣ್ಣ ಹಚ್ಚುವಾಗ ಆಕೆ ಹಿಟ್ಟು ಕಲಸುತ್ತಾ ನೋಡಿದ್ದಳು.

ಮರುದಿನ ಬೆಳಿಗ್ಗೆ ಗರಗಸದವರನ್ನು ಕರೆದುಕೊಂಡು ಹೋದರೆ ನನ್ನ ಕೆಂಪು ಬಣ್ಣದ ಸುತ್ತ ಅರಿಶಿಣ, ಮೇಲೆ ಹೂವು, ಬುಡದಲ್ಲಿ ಒಡೆದ ತೆಂಗಿನಕಾಯಿ. ಆರೇಳು ಹೆಣ್ಣುಮಕ್ಕಳು ಮರ ಸುತ್ತುತ್ತಿದ್ದರು. ಬೊಡ್ಡೆಯ ಮೇಲೆ ತಾನಾಗಿ ಕುಂಕುಮ ಮೂಡಿದೆಯಂತೆ. ಸಾಹೇಬರು ಒಂದು ಗಳಿಗೆ ಯೋಚಿಸಿ ಬೂಟು ಬಿಚ್ಚಿ ಕೈಮುಗಿದರು. ಒಣಗಿದ ಕೊಂಬೆ ಅಷ್ಟೇ ತೆಗೆಯಿರಿ, ಬೊಡ್ಡೆ ಮುಟ್ಟಬೇಡಿ ಅಂದರು.

ಎಲ್ಲರೂ ಅತ್ತ ಹೋದ ಮೇಲೆ ನಾನು ಮೆಲ್ಲಗೆ ಅಂದೆ, "ಅವ್ವಾ, ಆ ಬಣ್ಣ ಹಚ್ಚಿದಾಂವ ನಾನ."

ಆಕೆ ಎಣ್ಣೆಯೊಳಗಿನ ಮಿರ್ಚಿ ತಿರುವಿ ಹಾಕುತ್ತಾ ಹೇಳಿದಳು: "ಗೊತ್ತೈತಿ ತಮ್ಮಾ. ನಿನಗ ಹೇಳಿದ್ದು ನೀ ಹಚ್ಚಿದಿ, ನನಗ ತಿಳಿದದ್ದು ನಾ ಹಚ್ಚಿದೆ. ಈಗ ಮಿರ್ಚಿ ತಿನ್ನು, ಆರಿ ಹೋಕ್ಕಾವು."

ಎರಡು ಹಲ್ಲು

ಸವಣೂರಿನಲ್ಲಿ ತಿಳುವಳಿಕೆ ಸಭೆ. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ ಅಂತ ಸಾಹೇಬರು ಮೈಕಿನಲ್ಲಿ ಹೇಳುತ್ತಿದ್ದಾಗ ವೀಳ್ಯದೆಲೆ ವ್ಯಾಪಾರದ ಒಬ್ಬ ಚಾಚಾ ಎದ್ದು ನಿಂತರು. ಅರವತ್ತು ವರ್ಷದಿಂದ ಬೇವಿನ ಕಡ್ಡಿಯಲ್ಲೇ ಹಲ್ಲು ತಿಕ್ಕುತ್ತಿದ್ದೇನೆ, ನನಗೇನೂ ಆಗಿಲ್ಲ ಅಂದರು. ಸಾಹೇಬರಿಗೆ ಖುಷಿಯೋ ಖುಷಿ. ಇಂಥ ಸಾಕ್ಷಿ ಎಲ್ಲಿ ಸಿಗಬೇಕು ಅಂತ ಅವರನ್ನು ಮೈಕಿನ ಮುಂದೆ ಕರೆದು ಹಲ್ಲು ತೋರಿಸಲು ಹೇಳಿದರು.

ಚಾಚಾ ಬಾಯಿ ತೆಗೆದರು. ಒಳಗಿದ್ದದ್ದು ಎರಡೇ ಹಲ್ಲು. ಮಂದಿ ನಗತೊಡಗಿದರು, ಸಾಹೇಬರ ಮುಖ ಸಣ್ಣದಾಯಿತು. ಅವರ ಮರ್ಯಾದೆ ಉಳಿಸಬೇಕು ಅಂತ ಚಾಚಾ ಹೇಳಿದರು: "ಉಳಿದಾವಲ್ಲ, ಇವು ಬೇವಿನ ಗುಣದಿಂದ ಉಳದ್ವು. ಹೋದ್ವಲ್ಲ, ಅವು ಎಲಿ-ಅಡಿಕಿಗೆ ಹೋದ್ವು." ಆಮೇಲೆ ತಮ್ಮ ವ್ಯಾಪಾರ ನೆನಪಾಗಿ ಸಾಹೇಬರ ಕಿವಿಯ ಹತ್ತಿರ ಬಗ್ಗಿ, "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ, ಅಂಗಡಿ ನಡೀಬೇಕು" ಅಂದರು.

ಮೈಕು ಚಾಲೂ ಇತ್ತು.

ಎರಡು ಕುರ್ಚಿ

ಊರ ಮರಗಳಿಗೆಲ್ಲ ಮದ್ದು ಹೇಳಿ ಹಾನಗಲ್ಲಿಗೆ ವಾಪಸಾದರೆ ನಮ್ಮ ಕಚೇರಿಯ ಅಂಗಳದ ಬೇವೇ ಒಣಗಿ ನಿಂತಿತ್ತು. ಸರ್ಕಾರಿ ಜಾಗದ ಮರ. ಕಡಿಯಲು ಶಿಗ್ಗಾಂವಿಯ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಆ ಕುರ್ಚಿ ಖಾಲಿಯಿದ್ದು, ಅದರ ಹೆಚ್ಚುವರಿ ಹೊಣೆಯೂ ನಮ್ಮ ಸಾಹೇಬರದ್ದೇ. ಹಾನಗಲ್ಲಿನಲ್ಲಿ ಕೂತು ತಮಗೆ ತಾವೇ ಪತ್ರ ಬರೆದರು. ಹದಿನೈದು ದಿನ ಉತ್ತರ ಬರಲಿಲ್ಲ. ಸಿಟ್ಟಿನಿಂದ ಒಂದು ನೆನಪೋಲೆ ಬರೆಸಿದರು. "ಅವರಿಗೆ ಏನಾಗೇತಿ, ಒಂದು ಸಹಿ ಮಾಡಾಕ?" ಅಂತ ನನ್ನನ್ನೇ ಕೇಳಿದರು. ನಾನು ತಲೆ ತಗ್ಗಿಸಿ, ವಾರಕ್ಕೆರಡು ದಿನ ಅವರು ಅಲ್ಲಿ ಸಿಗುತ್ತಾರೆ, ಹೋಗಿ ಕಂಡರೆ ಒಳ್ಳೆಯದು ಅಂದೆ.

ಒಪ್ಪಿಗೆ ಬರುವಷ್ಟರಲ್ಲಿ ಮರ ತಾನೇ ಚಿಗುರಿತ್ತು. ಎರಡು ಕಚೇರಿಗಳ ಸಮನ್ವಯದಿಂದ ರೋಗ ಹತೋಟಿಗೆ ಬಂದಿದೆ ಎಂದು ಸಾಹೇಬರು ಮೇಲಕ್ಕೆ ವರದಿ ಕಳಿಸಿದರು.

ಫೋನು

ನನ್ನ ಮಾನ ಹೋಗಿದ್ದು ಮಾತ್ರ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ವಿಷಯದಲ್ಲಿ. ಬೇವಿನ ಮರ ಒಣಗಿದರೆ ಫೋನ್ ಮಾಡಿ ಅಂತ ಪಂಚಾಯತಿ ಗೋಡೆಗೆ ನನ್ನ ನಂಬರಿನ ಚೀಟಿ ಅಂಟಿಸಿದ್ದೆ. ಪಕ್ಕದಲ್ಲೇ ಆಸ್ಪತ್ರೆಯವರ ಚೀಟಿಯೂ ಇತ್ತು. ನಮ್ಮ ಕಡೆ ಬೇವಿನಮರದ ಅಂತ ಮನೆತನದ ಅಡ್ಡಹೆಸರೂ ಇರುತ್ತದೆ. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ.

ಒಬ್ಬ ಹೆಣ್ಣುಮಗಳು ಫೋನ್ ಮಾಡಿ, "ಬೇವಿನಮರದ ಅವರ ಮನಿಯಿಂದ್ರಿ. ಎಂಟು ದಿನದಾಗ ಪೂರಾ ಸೊರಗಿ ಹೋಗೇತ್ರಿ ಜೀವ" ಅಂದಳು. ಮರದ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡುವವರೂ ಇದ್ದಾರಲ್ಲ ಅಂತ ನನಗೆ ಮನಸ್ಸು ತುಂಬಿ ಬಂತು. ಎಷ್ಟು ವರ್ಷದ್ದು ಅಂತ ಕೇಳಿದೆ. ಎಂಬತ್ತು ದಾಟಿತು ಅಂದಳು. ನೀರು ಹಾಕುತ್ತಿದ್ದೀರಾ ಅಂದೆ. ಚಮಚದಲ್ಲಿ ಹಾಕಿದರೂ ಒಳಗೆ ಹೋಗುತ್ತಿಲ್ಲ ಅಂದಳು. ಚಮಚ ಅಂದಾಗಲಾದರೂ ನನಗೆ ತಿಳಿಯಬೇಕಿತ್ತು.

"ಅಷ್ಟು ಹಳೇದಾದ್ರ ಔಷಧಿ ಹತ್ತೂದಿಲ್ಲ ಬಿಡ್ರಿ," ಅಂದೆ. "ಒಣಗಿದ ಕೊಂಬಿ ಕಡದು ಅಲ್ಲೇ ಸುಟ್ಟುಬಿಡ್ರಿ. ಬೊಡ್ಡಿ ಕೆಡವಾಕ ನಾಳೆ ನಾ ಕೊಡ್ಲಿ ಹಿಡಕೊಂಡು ಬರ್ತೇನಿ."

ಆಕೆ ಸಣ್ಣ ದನಿಯಲ್ಲಿ ಅಂದಳು, "ಅವರು ನಮ್ಮ ಮಾವನವರು ರೀ."

ಆಸ್ಪತ್ರೆಯದು ಅಂದುಕೊಂಡು ಆಕೆ ನನ್ನ ನಂಬರಿಗೆ ಫೋನ್ ಮಾಡಿದ್ದಳು. ತಪ್ಪಾಯಿತು ತಾಯಿ ಅಂತ ಹತ್ತು ಸಲ ಹೇಳಿ, ನಾನೇ ಆಸ್ಪತ್ರೆಗೆ ಫೋನ್ ಮಾಡಿ ನರ್ಸಮ್ಮನನ್ನು ಅವರ ಮನೆಗೆ ಕಳಿಸಿದೆ. ಜ್ವರವಂತೆ. ಗ್ಲೂಕೋಸ್ ಹಾಕಿದರು, ಮಾತ್ರೆ ಕೊಟ್ಟರು. ಅಜ್ಜ ಎದ್ದು ಕೂತಿದ್ದಾರೆ ಅಂತ ಮೂರು ದಿನಕ್ಕೆ ಸುದ್ದಿ ಬಂದ ಮೇಲೆಯೇ ನನಗೆ ಊಟ ಸೇರಿದ್ದು.

ಮರುವಾರ ಅದೇ ಊರಿಗೆ ಕೆಲಸಕ್ಕೆ ಹೋದಾಗ ಮೋಸಂಬಿ ತೆಗೆದುಕೊಂಡು ಅವರ ಮನೆಗೆ ಹೋದೆ. ಜೀಪಿನ ಹಿಂದೆ ಕೆಲಸದ ಕೊಡ್ಲಿ ಕಟ್ಟಿದ್ದನ್ನು ಬಿಚ್ಚಲು ಮರೆತಿದ್ದೆ. ಅಜ್ಜ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಸೊಸೆ ನನ್ನ ಗುರುತು ಹೇಳುತ್ತಲೇ ಅವರ ಕಣ್ಣು ಕೊಡ್ಲಿಯ ಮೇಲೆ ಹೋಯಿತು. ಎರಡೂ ಕೈ ಮೇಲೆತ್ತಿ ಹತ್ತೂ ಬೆರಳು ಅಲ್ಲಾಡಿಸಿ ಹೇಳಿದರು:

"ನೋಡ್ಕೋರಿ ಸಾಹೇಬ್ರ, ತುದಿ ಇನ್ನೂ ಹಸರ ಅದಾವು."