ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ

ಕಾರವಾರದಂಥ ಊರಲ್ಲಿ ಮನೋಚಿಕಿತ್ಸೆಯ ಕೋಣೆ ತೆರೆದು ಕೂತರೆ ನಗು ಬರುವಂಥದ್ದು ದಿನಕ್ಕೊಂದಾದರೂ ನಡೆಯುತ್ತದೆ. ತೊಂದರೆ ಏನೆಂದರೆ, ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ನನ್ನ ಕಸುಬು. ಬೇರೆ ಕೆಲಸದವರು ಸಂಜೆ ಮನೆಗೆ ಹೋಗಿ "ಇವತ್ತು ಏನಾಯ್ತು ಗೊತ್ತಾ" ಎಂದು ಶುರು ಮಾಡುತ್ತಾರೆ. ನಾನು ಹಾಗೆ ಶುರು ಮಾಡುವಂತಿಲ್ಲ. ಮಾಡೋಣವೆಂದರೂ ಹಬ್ಬುವಾಡದ ನನ್ನ ಬಾಡಿಗೆ ಮನೆಯಲ್ಲಿ ಕೇಳುವುದಕ್ಕೆ ಕುಕ್ಕರ್ ಬಿಟ್ಟರೆ ಯಾರೂ ಇಲ್ಲ. ಅದೂ ನನ್ನ ಮಾತು ಮುಗಿಯುವ ಮೊದಲೇ ಸೀಟಿ ಹೊಡೆಯುತ್ತದೆ.

ಹಾಗಾಗಿ ಬರೆಯುತ್ತಿದ್ದೇನೆ. ಈ ಬರಹದಲ್ಲಿ ಬರುವವರಲ್ಲಿ ಕೆಲವರು "ಬರೀರಿ ಮೇಡಂ, ನಾಲ್ಕು ಜನ ನಗ್ಲಿ" ಎಂದು ಒಪ್ಪಿಗೆ ಕೊಟ್ಟವರು. ಉಳಿದವರ ವೇಷವನ್ನು ಅವರಿಗೇ ಗುರುತು ಸಿಗದಷ್ಟು ಬದಲಿಸಿದ್ದೇನೆ. ಹೊಸದಾಗಿ ಬರಬೇಕೆಂದು ಯೋಚಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲ ದಿನ ಏನಾಗುತ್ತದೆ ಎಂಬುದೂ ತಿಳಿದಂತಾಯಿತು.

ಹಲ್ಲಿನ ದಾರಿ

ನನ್ನ ಕೋಣೆ ಮಹಡಿಯ ಮೇಲೆ. ಕೆಳಗೆ ಹಲ್ಲಿನ ಡಾಕ್ಟರು. ನನ್ನಲ್ಲಿಗೆ ಬರುವವರಿಗೆ ಇದು ದೊಡ್ಡ ಅನುಕೂಲ. ಮೆಟ್ಟಿಲ ಹತ್ತಿರ ಗುರುತಿನವರು ಕಂಡರೆ ತಕ್ಷಣ ಕೆನ್ನೆ ಹಿಡಿದುಕೊಳ್ಳಬಹುದು. ಕಾರವಾರದಲ್ಲಿ ಹಲ್ಲುನೋವಿಗೆ ಮರ್ಯಾದೆ ಇದೆ, ಮನಸ್ಸಿನ ನೋವಿಗೆ ಇನ್ನೂ ಬಂದಿಲ್ಲ.

ಕಚೇರಿಯೊಂದರಲ್ಲಿ ಕೆಲಸ ಮಾಡುವ ಒಬ್ಬರು ಮೊದಲ ಸಲ ಬಂದ ದಿನ ಕೆಳಗೆ ಅವರ ಪಕ್ಕದ ಮನೆಯವರೇ ಕೂತಿದ್ದರಂತೆ. "ಏನ್ರೀ, ಇಲ್ಲಿ?" ಎಂದು ಅವರು ಕೇಳಿದ್ದೇ ಇವರು "ಹಲ್ಲು" ಎಂದು ಪಕ್ಕದಲ್ಲೇ ಕೂತರು. ಪಕ್ಕದ ಮನೆಯವರು ಒಳ್ಳೆಯವರು. "ನಂದು ಅರ್ಜೆಂಟಿಲ್ಲ, ಪಾಪ ಇವರದ್ದು ಮೊದಲು ನೋಡಿ" ಎಂದು ತಮ್ಮ ಸರದಿಯನ್ನೇ ಬಿಟ್ಟುಕೊಟ್ಟರು. ಇವರು ಹೋಗಿ ಕುರ್ಚಿಯ ಮೇಲೆ ಬಾಯಿ ತೆರೆದದ್ದಾಯಿತು. ಡಾಕ್ಟರು ನೋಡಿದರೆ ಹಿಂದಿನ ಹಲ್ಲೊಂದು ನಿಜವಾಗಿಯೂ ಹುಳುಕಾಗಿತ್ತು.

ಅವರು ನನ್ನ ಕೋಣೆಗೆ ಬಂದಾಗ ಅರ್ಧ ಮುಖ ಮರಗಟ್ಟಿ, ತುಟಿ ಒಂದು ಕಡೆ ಜೋತುಬಿದ್ದಿತ್ತು. ನಾನು ಎಲ್ಲ ಹೊಸಬರಿಗೂ ಹೇಳುವಂತೆ, "ನಿಧಾನವಾಗಿ, ಏನು ಬೇಕಾದರೂ ಹೇಳಬಹುದು, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ" ಎಂದೆ. ಅವರು ಕಷ್ಟಪಟ್ಟು ಬಾಯಿ ತೆರೆದರು. ಒಂದು ಅಕ್ಷರವೂ ತಿಳಿಯಲಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಭದ್ರವಾಗಿ ಉಳಿದ ಗುಟ್ಟು ಇನ್ನೊಂದಿಲ್ಲ.

ಇಂಜೆಕ್ಷನ್

ಹಿಲ್ಲೂರಿನಿಂದ ಬಂದ ರೈತರೊಬ್ಬರು ಕೂತವರೇ ಅಂಗಿಯ ತೋಳು ಮೇಲಕ್ಕೆ ಮಡಚಿ ಕೈ ಮುಂದೆ ಚಾಚಿದರು. ನಾನು ಸುಮ್ಮನಿದ್ದದ್ದು ನೋಡಿ ನಾಲಿಗೆಯನ್ನೂ ತೋರಿಸಿದರು.

"ಇಲ್ಲಿ ಬರೀ ಮಾತು" ಎಂದೆ.

"ಮಾತಾಡೂದು ನೀವಾ?"

"ಅಲ್ಲ, ನೀವು. ನಾನು ಕೇಳ್ತೇನೆ."

"ಮತ್ತೆ ಔಷಧಿ?"

"ನಾನು ಔಷಧಿ ಕೊಡುವುದಿಲ್ಲ. ಬೇಕು ಅನ್ನಿಸಿದರೆ ಕೊಡುವ ಡಾಕ್ಟರ ಹತ್ರ ಕಳಿಸ್ತೇನೆ."

ಅವರು ನನ್ನನ್ನು ಕನಿಕರದಿಂದ ನೋಡಿದರು. ಓದು ಅರ್ಧಕ್ಕೇ ನಿಂತಿರಬೇಕು ಪಾಪ ಎನ್ನುವ ನೋಟ ಅದು. ಆದರೂ ಬಸ್ಸು ಹಿಡಿದು ಬಂದಾಗಿತ್ತು. ಮಾತಾಡಿದರು. ರಾತ್ರಿ ನಿದ್ದೆ ಬಾರದ್ದು, ಗದ್ದೆಗೆ ನುಗ್ಗುವ ಹಂದಿ, ಅಣ್ಣನ ಜೊತೆ ಬಾಗಿಲಿಗೆ ಬಾಗಿಲು ಇದ್ದೂ ಮಾತಿಲ್ಲದ್ದು. ಅಣ್ಣನ ಸುದ್ದಿಗೆ ಬಂದಾಗ ಹೆಗಲ ಮೇಲಿನ ಟವೆಲ್ಲು ಕಣ್ಣಿಗೆ ಹೋಯಿತು. ಒಂದೇ ಅಂಗಳದಲ್ಲಿ ದಿನಾ ಎದುರಾಗುವವರು ಮಾತು ಬಿಟ್ಟರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನನ್ನ ಮದುವೆ ಮುರಿಯುವುದಕ್ಕೆ ಮುಂಚೆ ನಮ್ಮ ಮನೆಯೂ ಹಾಗೇ ಇತ್ತು. ಘಟ್ಟ ಇಳಿದು ಈ ಊರಿಗೆ ಬಂದದ್ದು ಆಮೇಲೆ.

ನಾನು ಎಂದಿನಂತೆ ಕೈಗಡಿಯಾರವನ್ನು ಓರೆಗಣ್ಣಲ್ಲಿ ನೋಡಿ, "ಇವತ್ತಿಗೆ ಹೊತ್ತಾಯ್ತು, ಉಳಿದದ್ದು ಮುಂದಿನ ವಾರ" ಎಂದಾಗ ಅವರು ಎದ್ದು ದೀರ್ಘವಾಗಿ ಉಸಿರು ಬಿಟ್ಟರು. "ಎದಿ ಮೇಲಿನ ಕಲ್ಲು ಇಳ್ಸ್‌ದಂಗಾಯ್ತು ನೋಡಿ" ಎಂದರು. ನನಗೆ ಬಹಳ ಸಂತೋಷವಾಯಿತು. ಬಾಗಿಲ ತನಕ ಹೋದವರು ತಿರುಗಿ, ಮಡಚಿದ ತೋಳನ್ನು ಇನ್ನೂ ಇಳಿಸದೆಯೇ ಕೇಳಿದರು, "ಇಂಜೆಕ್ಷನ್ ಕೆಳಗಿನ ಡಾಕ್ಟ್ರು ಕೊಡ್ತ್ರಾ?"

ಮೀನುಪೇಟೆ

ಮೊದಲ ದಿನ ನಾನು ಹೇಳುವ ಮಾತುಗಳಲ್ಲಿ ಇನ್ನೊಂದು ಇದೆ. "ಹೊರಗೆ ಎಲ್ಲಾದರೂ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ. ನೀವು ಮಾತಾಡಿಸಿದರೆ ಮಾತಾಡುತ್ತೇನೆ. ಮಾತಾಡಿಸದಿದ್ದರೂ ಬೇಜಾರಿಲ್ಲ." ಬಂದವರ ಗುಟ್ಟು ಕಾಯಲು ಇರುವ ನಿಯಮ ಇದು. ದೊಡ್ಡ ಪಟ್ಟಣಗಳಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಅಲ್ಲಿ ಹೇಗೂ ಯಾರೂ ಸಿಕ್ಕುವುದಿಲ್ಲ. ಕಾರವಾರದಲ್ಲಿ ಬೆಳಿಗ್ಗೆ ಹಾಲು ತರಲು ಹೊರಟರೆ ನನ್ನಲ್ಲಿಗೆ ಬರುವ ಮೂರು ಜನ ಎದುರಾಗಿ ಮೂವರೂ ಚರಂಡಿ ನೋಡುತ್ತ ದಾಟುತ್ತಾರೆ. ನನ್ನ ಹತ್ತಿರ ಎಂದೂ ಬಾರದವರಿಗೆ ಇನ್ನೊಂದು ಹೆದರಿಕೆ. ನನ್ನ ಜೊತೆ ನಿಂತು ಮಾತಾಡಿದ್ದು ಯಾರಾದರೂ ಕಂಡರೆ, ಇವರಿಗೂ ಏನೋ ಇದೆ ಎಂದುಕೊಂಡಾರು ಎಂದು. ಅಂತೂ ಬಂದವರೂ ಮಾತಾಡಿಸುವುದಿಲ್ಲ, ಬಾರದವರೂ ಮಾತಾಡಿಸುವುದಿಲ್ಲ. ದಿನವಿಡೀ ಬೇರೆಯವರ ಒಂಟಿತನ ಕೇಳಿ, ಸಂಜೆ ನನ್ನದರ ಜೊತೆ ಕೂತು ಉಣ್ಣುತ್ತೇನೆ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಗುಮಾಸ್ತರು ಈ ನಿಯಮವನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರು ವರ್ಗವಾಗಿ ಬಂದು ಒಬ್ಬರೇ ಇದ್ದವರು, ಮೀನು ಮುಟ್ಟದ ಮನೆತನದವರು. ಒಂದು ಭಾನುವಾರ ಮೀನುಪೇಟೆಯ ಮುಂದೆ ಹಾದು ಹೋಗುತ್ತಿದ್ದಾಗ ಎದುರಿನಿಂದ ನಾನು ಬರುವುದು ಕಂಡಿತು. ತಪ್ಪಿಸಿಕೊಳ್ಳಲು ದಾರಿ ಕಾಣದೆ ಥಟ್ಟನೆ ಒಳಗೆ ನುಗ್ಗಿ ಮೀನು ಮಾರುವ ಒಬ್ಬಾಕೆಯ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾನೂ ಅದೇ ಸಾಲಿಗೆ ಬರಬೇಕೇ! ಅವರು ತಲೆ ಎತ್ತಲೇ ಇಲ್ಲ.

"ಬಂಗಡೆ ತಾಜಾ ಅದೆ, ಎಷ್ಟು ಹಾಕ್ಲಿ?" ಎಂದಳು ಆಕೆ.

ಅವರು ಬಂಗಡೆಯ ಕಣ್ಣನ್ನೇ ನೋಡುತ್ತ ಕೂತರು.

"ಬುಟ್ಟಿ ಮುಂದೆ ಕೂತ್ಕಂಡು ಬರೀ ನೋಡೂಕೆ ಇದೇನು ಸಿನೆಮಾನಾ?"

ತಗೊಂಡರು. ಜೀವಮಾನದಲ್ಲಿ ಮೊದಲ ಸಲ ಬಂಗಡೆಯ ಚೀಲ ಹಿಡಿದು, ಕೈಯನ್ನು ಮೈಯಿಂದ ಆದಷ್ಟು ದೂರ ಇಟ್ಟುಕೊಂಡು ಮನೆಗೆ ನಡೆದರು. ಏನು ಮಾಡಬೇಕೆಂದು ತಿಳಿಯದೆ ಹಿತ್ತಲಲ್ಲಿ ಇಟ್ಟರೆ ಒಂದು ಬೆಕ್ಕು ಬಂತು. ಮರುದಿನವೂ ಬಂತು. ಮೀನು ಇಲ್ಲವೆಂದಾಗ ಬಾಗಿಲಲ್ಲಿ ಕೂತು ಕೂಗಿತು. ಇವರು ಹಾಲು ಹಾಕಿದರು, ಬೈದರು, ಕೊನೆಗೆ ಕಚೇರಿಯ ಸುದ್ದಿಯನ್ನೆಲ್ಲ ಹೇಳಲು ಶುರು ಮಾಡಿದರು.

ತಿಂಗಳೆರಡು ಕಳೆದ ಮೇಲೆ ನನ್ನೆದುರು ಸಂಕೋಚದಿಂದ, "ಮೇಡಂ, ನನಗೀಗ ಅಡ್ಡಿಲ್ಲ ಅನಿಸ್ತದೆ. ಬರೂದು ನಿಲ್ಲಿಸ್ಲಾ?" ಎಂದರು. ನನ್ನ ಚಿಕಿತ್ಸೆ ಫಲಿಸಿತೆಂದು ಹಿಗ್ಗಿ, "ಯಾವುದು ಸಹಾಯ ಮಾಡಿತು ಅನಿಸ್ತದೆ?" ಎಂದು ಕೇಳಿದೆ.

"ಬೆಕ್ಕು" ಎಂದರು.

ಊಟ ಆಯ್ತಾ

ಮಂಜಗುಣಿಯ ಒಬ್ಬ ಅಜ್ಜಿ ಬರುತ್ತಿದ್ದರು. ಗದ್ದೆ ಮಾಡುವ ಮನೆ, ಮನೆ ತುಂಬ ಜನ. "ಎಲ್ಲರ್ಗೂ ಬಾಯಿ ಅದೆ ಅಕ್ಕೋರೆ, ಒಬ್ರಿಗೂ ಕಿವಿ ಇಲ್ಲ" ಎಂಬುದು ಅವರ ದೂರು. ಮೊದಲ ದಿನ ಕುರ್ಚಿಯಲ್ಲಿ ಕೂತು, ನಾನು ನನ್ನ ಮಾಮೂಲಿ ಮಾತು ಹೇಳುವ ಮೊದಲೇ ಕೇಳಿದರು, "ಊಟ ಆಯ್ತಾ?"

ನಮ್ಮ ಕೆಲಸದಲ್ಲಿ ನಮ್ಮ ಮನೆಯ ಸುದ್ದಿ ಹೇಳಿಕೊಳ್ಳಬಾರದು. ಬಂದವರ ಹೊತ್ತು ಅವರದ್ದು. ಯಾರಾದರೂ ನಮ್ಮ ಬಗ್ಗೆ ಕೇಳಿದರೆ ಪ್ರಶ್ನೆಯನ್ನು ಮೆತ್ತಗೆ ಅವರ ಕಡೆಗೇ ತಿರುಗಿಸಬೇಕೆಂದು ಕಲಿಸಿರುತ್ತಾರೆ. ನಾನೂ ಕಲಿತದ್ದನ್ನೇ ಮಾಡಿದೆ.

"ಅದನ್ನ ಕೇಳಬೇಕು ಅಂತ ನಿಮಗೆ ಯಾಕೆ ಅನಿಸ್ತು?"

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಊಟ ಆಯ್ತಾ ಕೇಳೂಕೂ ಕಾರಣ ಬೇಕಾ? ನಿಮ್ಗೆ ಮೈ ಸರಿ ಅದೆಯಾ?"

ಅಲ್ಲಿಂದ ಮುಂದೆ ಪ್ರತಿ ಸಲವೂ ಇದೇ. ಅವರು ಊಟ ಆಯ್ತಾ ಎನ್ನುವುದು, ನಾನು ನಕ್ಕು, "ಈ ವಾರ ಹೇಗಿತ್ತು?" ಎನ್ನುವುದು. ಎಂತಾ ಸಾರು, ಯಾರು ಮಾಡಿದ್ದು, ಯಾರ ಸಂಗ್ತಿ, ಎಂದರೆ ಯಾರ ಜೊತೆ, ಉಂಡದ್ದು, ಯಾವುದಕ್ಕೂ ನನ್ನಿಂದ ಉತ್ತರವಿಲ್ಲ. ಒಮ್ಮೆ ಇಶಾಡ ಮಾವಿನಹಣ್ಣು ತಂದರು. ಉಡುಗೊರೆಯನ್ನೂ ತೆಗೆದುಕೊಳ್ಳುವ ಹಾಗಿಲ್ಲವೆಂದು ವಿವರಿಸಿದೆ. ಅವರು ಚೀಲದ ಬಾಯಿ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಅವರ ದುಃಖ ಒಳಗಿನಿಂದ ಬರುತ್ತಿದೆ ಎಂದುಕೊಂಡು ನಾನು ಕಾದೆ.

"ಅಕ್ಕೋರೆ" ಎಂದರು ಕೊನೆಗೆ, "ಉಂಡಿದ್ದು ಹೇಳೂ ಹಂಗಿಲ್ಲ, ಹಣ್ಣು ತಿಂಬೂ ಹಂಗಿಲ್ಲ, ಹೊರಗೆ ಕಂಡ್ರೆ ಮಾತಾಡೂ ಹಂಗಿಲ್ಲ. ನಿಮ್ಗೆ ಈ ಶಿಕ್ಷೆ ಕೊಟ್ಟವ್ರು ಯಾರು?"

ಎರಡು ಖಾಲಿ ಎಲೆ

ನನ್ನ ಮನೆಯ ಮಾಲಕರ ಮಗಳ ಮದುವೆ ಅಂಕೋಲೆಯಲ್ಲಿ. ಕರೆದಿದ್ದರು, ಹೋದೆ. ನಿಜ ಹೇಳಬೇಕೆಂದರೆ ಮದುವೆಗಿಂತ ಊಟಕ್ಕೆ ಹೋದೆ, ಊಟಕ್ಕಿಂತ ಪಕ್ಕದಲ್ಲಿ ಕೂತು ಯಾರಾದರೂ ಉಣ್ಣುತ್ತಾರಲ್ಲ ಎಂಬ ಆಸೆಗೆ ಹೋದೆ.

ಊಟದ ಹಾಲ್ ಕಿಕ್ಕಿರಿದಿತ್ತು. ಕುರ್ಚಿಯ ಹಿಂದೆ ಜನ ಸರದಿಗೆ ಕಾಯುತ್ತ ನಿಂತಿದ್ದರು. ನಾನು ಕೂತೆ. ಎಡಗಡೆಗೆ ಕೂರಲು ಬಂದವರು ನನ್ನನ್ನು ನೋಡಿ ಯಾರೋ ಕರೆದಂತೆ ಆಚೆ ಹೋದರು. ಬಲಗಡೆಯವರಿಗೂ ಯಾರೋ ಕರೆದಂತಾಯಿತು. ಅಷ್ಟು ಜನ ನಿಂತಿದ್ದರೂ ನನ್ನ ಎರಡೂ ಬದಿಯ ಎಲೆಗಳು ಖಾಲಿ ಉಳಿದವು. ಎದುರು ಸಾಲಿನಲ್ಲಿ ಆ ಹುಳುಕು ಹಲ್ಲಿನವರು ಹಪ್ಪಳವನ್ನೇ ದೃಷ್ಟಿಸಿ ನೋಡುತ್ತಿದ್ದರು. ಕಂಬದ ಮರೆಯಲ್ಲಿ ಬೆಕ್ಕಿನವರು. ಅತ್ತ ಇತ್ತ ಇನ್ನೂ ಎಷ್ಟೋ ಪರಿಚಿತ ನೆತ್ತಿಗಳು. ಬಡಿಸುವವನು ಅವಸರದಲ್ಲಿ ಖಾಲಿ ಎಲೆಗಳಿಗೂ ಅನ್ನ ಹಾಕಿ ಮುಂದೆ ಹೋದ. ಆ ಎರಡು ಅನ್ನದ ರಾಶಿಗಳ ನಡುವೆ ಕೂತು ನನ್ನ ಎಲೆಯ ಅನ್ನವನ್ನು ಸುಮ್ಮನೆ ಕಲಸುತ್ತಿದ್ದೆ. ಎದ್ದು ಹೋಗಿಬಿಡೋಣ ಅನಿಸಿತು.

ಅಷ್ಟರಲ್ಲಿ ಮಂಜಗುಣಿಯ ಅಜ್ಜಿ ಎದುರು ಬಂದು ನಿಂತರು. "ಅಕ್ಕೋರೆ, ಹೊರಗೆ ನೀವು ಮೊದ್ಲು ಮಾತಾಡ್ಸೂ ಹಂಗಿಲ್ಲ ಅಲ್ದಾ? ಅದ್ಕೆ ನಾನೇ ಮಾತಾಡ್ಸ್ತೆ" ಎಂದು ಎಡಗಡೆಯ ಎಲೆಗೆ ಕೂತರು. ಅವರಿಗೆ ಕಿವಿ ತುಸು ಮಂದ. ಹಾಗಾಗಿ ದನಿ ಗದ್ದೆಯ ಆಚೆ ದಡಕ್ಕೆ ಮುಟ್ಟುವಂಥದ್ದು.

"ಇವತ್ತು ಊಟ ಆಯ್ತಾ ಕೇಳೂದಿಲ್ಲ, ಕಣ್ಣಿಗೇ ಕಾಣ್ತದೆ. ನಿನ್ನೆ ಯಾರ ಸಂಗ್ತಿ ಉಂಡ್ರಿ?"

ಅಭ್ಯಾಸಬಲ. "ಅದನ್ನ ಯಾಕೆ..." ಎಂದು ಶುರು ಮಾಡಿದೆ.

ಅಜ್ಜಿ ನನ್ನ ಮೊಣಕೈ ಹಿಡಿದರು. "ನಿಧಾನಕ್ಕೆ ಹೇಳು ತಂಗಿ. ಎಂತಾ ಬೇಕಾದ್ರೂ ಹೇಳೂಲಕ್ಕು. ಇಲ್ಲಿ ಹೇಳಿದ್ದು ಇಲ್ಲೇ ಇರ್ತದೆ!"

ಈ ಮಾತು ಹಾಲಿನ ಕೊನೆಯ ಕೈತೊಳೆಯುವ ನಲ್ಲಿಯವರೆಗೂ ಕೇಳಿಸಿತು. ಎದುರು ಸಾಲಿನ ಹಲ್ಲಿನವರು ಫಕ್ಕನೆ ನಕ್ಕುಬಿಟ್ಟರು. ಕಂಬದ ಹಿಂದೆ ಒಂದು ನಗು. ಆ ಮೂಲೆಯಲ್ಲಿ ಒಂದು, ಮಜ್ಜಿಗೆಯ ಹತ್ತಿರ ಒಂದು, ಗಂಡಿನ ಕಡೆಯವರ ನಡುವೆ ಇನ್ನೊಂದು. ಉಳಿದವರೆಲ್ಲ ಇದರಲ್ಲಿ ನಗುವಂಥದ್ದು ಏನಿದೆ ಎಂದು ಪಿಳಿಪಿಳಿ ನೋಡುತ್ತಿದ್ದರು. ಆ ಮಾತನ್ನು ಮಹಡಿಯ ಮೇಲಿನ ನನ್ನ ಕೋಣೆಯಲ್ಲಿ ಕೂತು ಕೇಳಿದವರಿಗೆ ಮಾತ್ರ ನಗು ಬರುವುದು. ನಕ್ಕವರು ತಲೆ ಎತ್ತಿದರು, ಒಬ್ಬರನ್ನೊಬ್ಬರು ನೋಡಿದರು. "ನೀವೂನಾ?" ಎಂದು ಒಬ್ಬರು ಕೇಳಿದರೆ, "ನೀವು ಹಲ್ಲಿಗೆ ಹೋಗ್ತೆ ಅಂದಿದ್ರಿ!" ಎಂದು ಇನ್ನೊಬ್ಬರು.

ಕಂಬದ ಮರೆಯಿಂದ ಬೆಕ್ಕಿನವರು ಎದ್ದು ಬಂದು ನನ್ನ ಬಲಗಡೆ ಕೂತರು. ನನ್ನನ್ನು ನೋಡದೆ, ಅನ್ನ ಕಲಸುತ್ತ, "ಬೆಕ್ಕು ಚೆನ್ನಾಗಿದೆ ಮೇಡಂ" ಎಂದರು.

ಅಜ್ಜಿ ಇನ್ನೂ ಕಾಯುತ್ತಿದ್ದರು. ನಾನು ಕಾಯುವ ಹಾಗೆಯೇ, ತಲೆ ಸ್ವಲ್ಪ ಓರೆ ಮಾಡಿ, ಏನೂ ಅವಸರವಿಲ್ಲದೆ.

"ಯಾರೂ ಇರ್ಲಿಲ್ಲ ಅಜ್ಜಿ" ಎಂದೆ. "ನಿನ್ನೆ ಒಬ್ಬಳೇ ಉಂಡೆ. ಮೊನ್ನೆಯೂ ಒಬ್ಬಳೇ. ದಿನಾ ಒಬ್ಬಳೇ." ಹೇಳುತ್ತ ಹೇಳುತ್ತ ಕಣ್ಣೀರು ಸಾರಿಗೆ ಬಿತ್ತು. ಈ ಊರಿಗೆ ಬಂದ ಮೇಲೆ ನನ್ನ ಬಗ್ಗೆ ನಾನು ಯಾರಿಗಾದರೂ ಹೇಳಿದ ಮೊದಲ ಮಾತು ಅದು.

ಅಜ್ಜಿ ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನನ್ನ ಬೆನ್ನ ಮೇಲೆ ಎಡಗೈ ಇಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಗಡಿಯಾರವೇ ಇಲ್ಲದ ತಮ್ಮ ಮಣಿಕಟ್ಟನ್ನು, ಥೇಟ್ ನನ್ನ ಹಾಗೆಯೇ, ಓರೆಗಣ್ಣಲ್ಲಿ ನೋಡಿಕೊಂಡರು.

"ಇವತ್ತಿಗೆ ಹೊತ್ತಾಯ್ತು ತಂಗಿ" ಎಂದರು. "ಉಳಿದಿದ್ದು ಮುಂದಿನ ವಾರ ಮಾತಾಡ್ವ. ಪಾಯಸ ಬಂತು."